ಒಗೆಯದೆ ಮಡಿಚಿದ ಬೆಡ್‌ಶೀಟುಗಳು

ನಾನು ಅಂಜನಮ್ಮನವರನ್ನು ಮೊದಲ ಸಲ ನೋಡಿದಾಗ ಅವರು ಜಗಳವಾಡುತ್ತಿದ್ದರು. ವಿಜಯನಗರದ ಮಾರ್ಕೆಟ್ ಹಿಂದಿನ ರಸ್ತೆಯಲ್ಲಿ ದೇವೇಂದ್ರಪ್ಪ ಎನ್ನುವವರ ಲಾಡ್ಜು ಇತ್ತು. ಅಲ್ಲಿಗೆ ನಾನು ತಿಂಗಳಿಗೆ ಎರಡು ಸಲ ಲೆಕ್ಕಪತ್ರ ನೋಡಲು ಹೋಗುತ್ತಿದ್ದೆ. ಅವತ್ತು ಕೌಂಟರಿನ ಮುಂದೆ ಐವತ್ತರ ಆಸುಪಾಸಿನ ತೆಳ್ಳಗಿನ ಹೆಂಗಸೊಬ್ಬರು ಒಂದು ಬೆಡ್‌ಶೀಟನ್ನು ಅಗಲಿಸಿ ಹಿಡಿದುಕೊಂಡು ಮ್ಯಾನೇಜರ್ ಗೋಪೀನಾಥನನ್ನು ಗದರುತ್ತಿದ್ದರು.

"ಯಾರೋ ಇದ್ರಲ್ಲಿ ಬೂಟು ಒರೆಸವ್ರೆ ಸಾರ್. ನೋಡಿ ಇಲ್ಲಿ, ಪಾಲಿಶು. ಇದು ಹೋಗಲ್ಲ ಅಂತಲ್ಲ, ತೆಗೀತೀನಿ. ಆದ್ರೆ ಅಷ್ಟು ಉಜ್ಜಿದ್ರೆ ಬಟ್ಟೆ ಸತ್ತೋಗುತ್ತೆ. ರೂಮಿಗೊಂದು ಹಳೇ ಬಟ್ಟೆ ಚೂರು ಇಡ್ಸಿ ಅಂತ ಎಷ್ಟು ಸಲ ಹೇಳ್ಲಿ?"

ಗೋಪೀನಾಥ ನಗುತ್ತಲೇ, "ಆಯ್ತಮ್ಮ, ಇಡಿಸ್ತೀನಿ" ಎಂದ. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ಶಿವಬಸಪ್ಪನೋರೆ, ಇವರು ನಮ್ಮ ಬಟ್ಟೆ ಒಗೆಯೋ ಅಂಜನಮ್ಮ. ಓನರ್‌ಗಿಂತ ಇವರಿಗೇ ನಾನು ಜಾಸ್ತಿ ಹೆದರೋದು" ಎಂದ.

ಅವರದು ಮಡಿವಾಳರ ಮನೆತನ. ಅತ್ತೆಯ ಕಾಲದಲ್ಲಿ ಮನೆಮನೆಯ ಬಟ್ಟೆ ಗಂಟು ಕಟ್ಟಿಕೊಂಡು ಕೆರೆಗೆ ಹೋಗುತ್ತಿದ್ದರಂತೆ. ಆಮೇಲೆ ಕೆರೆಯ ನೀರು ಕೆಟ್ಟಿತು, ಮನೆಗಳಿಗೆ ವಾಷಿಂಗ್ ಮಷೀನು ಬಂತು. ಗಂಡ ನಾರಾಯಣಪ್ಪ ಲಾಡ್ಜುಗಳ ಕೆಲಸ ಹಿಡಿದು ಹೇಗೋ ಉಳಿದುಕೊಂಡರು. ಅವರು ತೀರಿಕೊಂಡ ಮೇಲೆ ಅಂಜನಮ್ಮ ಒಬ್ಬರೇ ಅದನ್ನು ನಡೆಸಿಕೊಂಡು ಬಂದರು. ಒಬ್ಬಳೇ ಮಗಳು ಕುಸುಮಾಳನ್ನು ಕೆಂಗೇರಿಗೆ ಮದುವೆ ಮಾಡಿ ಕಳಿಸಿದ್ದರು.

ಹೇರೋಹಳ್ಳಿಯಲ್ಲಿ ಮುನಿಯಪ್ಪ ಎನ್ನುವ ಹಳೇ ಊರಿನ ಜಮೀನುದಾರರ ಖಾಲಿ ಸೈಟೊಂದನ್ನು ಅವರು ಬಾಡಿಗೆಗೆ ಹಿಡಿದಿದ್ದರು. ಸಿಮೆಂಟಿನ ಎರಡು ತೊಟ್ಟಿ, ಒಗೆಯುವ ಕಲ್ಲು, ಬಟ್ಟೆ ಬೇಯಿಸುವ ಹಂಡೆ, ಇಸ್ತ್ರಿ ಮಾಡಲು ತಗಡಿನ ಚಪ್ಪರ, ಇಷ್ಟೇ ಅವರ ಕಾರ್ಖಾನೆ. ಮುನಿಯಪ್ಪನವರ ಬೋರ್‌ವೆಲ್ಲಿನ ನೀರು. ಎದುರಿನ ರಸ್ತೆಗೆ ಡಾಂಬರು ಇರಲಿಲ್ಲ. ಮಣ್ಣಿನ ಟಿಪ್ಪರುಗಳು ಯಾವ ಹೊತ್ತಿಗೆ ಹೋಗುತ್ತವೆಂದು ತಿಳಿದುಕೊಂಡು, ಆ ಹೊತ್ತಿಗೆ ಮುಂಚೆ ಹಗ್ಗದ ಮೇಲಿನ ಬಿಳಿ ಬಟ್ಟೆಯನ್ನೆಲ್ಲ ಒಳಗೆ ಎಳೆದುಕೊಳ್ಳುತ್ತಿದ್ದರು.

ಜೊತೆಗೆ ಶಶಿಕಲಾ ಇದ್ದಳು. ಲಗ್ಗೆರೆಯವಳು, ಗಂಡ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಪೇಂಟ್ ಹೊಡೆಯುವ ಕೆಲಸದವನು. ಅಂಜನಮ್ಮನವರಿಗಿಂತ ಹನ್ನೆರಡು ಹದಿಮೂರು ವರ್ಷ ಚಿಕ್ಕವಳು. ಮದುವೆಯಾದ ಹೊಸತರಲ್ಲಿ ಕೆಲಸ ಕೇಳಿಕೊಂಡು ಬಂದವಳು ಹದಿನಾಲ್ಕು ವರ್ಷ ಅಲ್ಲೇ ಉಳಿದಿದ್ದಳು. ಕಲೆ ಗುರುತಿಸುವುದರಲ್ಲಿ ಅವಳ ಕಣ್ಣು ಬಲು ಚುರುಕು. ಅರಿಶಿನಕ್ಕೆ ಬಿಸಿಲು, ಎಣ್ಣೆಗೆ ಸೀಗೆಪುಡಿ, ಮೆಹಂದಿಗೆ ಬಿಸಿ ಹಾಲು ಎಂದು ಒಂದೊಂದಕ್ಕೂ ಅವಳ ಹತ್ತಿರ ಒಂದೊಂದು ದಾರಿ ಇತ್ತು. ಮದುವೆ ಸೀಸನ್ನಿನಲ್ಲಿ ಬರುವ ಗಂಟುಗಳನ್ನು ಬಿಚ್ಚುತ್ತ ಇಬ್ಬರೂ ಯಾವ ರೂಮಿನಲ್ಲಿ ಹೆಣ್ಣಿನ ಕಡೆಯವರಿದ್ದರು, ಯಾವುದರಲ್ಲಿ ಗಂಡಿನ ಕಡೆಯವರಿದ್ದರು ಎಂದು ಊಹಿಸಿ ನಗುತ್ತಿದ್ದರಂತೆ. ಇದನ್ನೆಲ್ಲ ಅಂಜನಮ್ಮನವರೇ ನನಗೆ ಆಮೇಲೆ ಹೇಳಿದ್ದು. ಆಗೆಲ್ಲ ನನಗೆ ಅವರು ಖರ್ಚಿನ ಪುಸ್ತಕದ ಒಂದು ಸಾಲು ಅಷ್ಟೆ.

2022ರ ಜುಲೈ ತನಕ, ದಿನಕ್ಕೆ ಸಾವಿರ ರೂಪಾಯಿಗಿಂತ ಕಡಿಮೆ ಬಾಡಿಗೆಯ ರೂಮುಗಳಿಗೆ ಜಿಎಸ್‌ಟಿ ಇರಲಿಲ್ಲ. ದೇವೇಂದ್ರಪ್ಪನವರ ಇಪ್ಪತ್ತನಾಲ್ಕು ರೂಮುಗಳೂ ಒಂಬೈನೂರರವು. ಮದುವೆಗೆ ಬಂದ ನೆಂಟರು, ಬೆಂಗಳೂರು ನೋಡಿಕೊಂಡು ಮಾರನೇ ದಿನ ಮೈಸೂರಿಗೆ ಹೊರಡುವ ಕುಟುಂಬಗಳು, ಪರೀಕ್ಷೆ ಬರೆಯಲು ಬಂದವರು, ಪೀಣ್ಯಕ್ಕೆ ವ್ಯಾಪಾರಕ್ಕೆ ಬರುವ ಸೇಲ್ಸ್‌ನವರು ಅಲ್ಲಿ ಉಳಿಯುತ್ತಿದ್ದರು. ಆ ತಿಂಗಳ ಮಧ್ಯದಿಂದ ವಿನಾಯಿತಿ ಹೋಗಿ ನೂರಕ್ಕೆ ಹನ್ನೆರಡರಂತೆ ತೆರಿಗೆ ಬಿತ್ತು. ಒಂಬೈನೂರರ ರೂಮು ಸಾವಿರದ ಎಂಟಾಯಿತು.

ಕೇಳಲು ದೊಡ್ಡ ಮೊತ್ತವೇನಲ್ಲ. ಆದರೆ ಆ ಲಾಡ್ಜಿಗೆ ಬರುತ್ತಿದ್ದವರು ಹತ್ತು ರೂಪಾಯಿ ಕಡಿಮೆ ಎಂದರೆ ಬ್ಯಾಗು ಹೊತ್ತು ಪಕ್ಕದ ರಸ್ತೆಗೆ ನಡೆಯುವ ಜನ. ದಾವಣಗೆರೆಯಿಂದ ಒಬ್ಬರು ಸೇಲ್ಸ್‌ನವರು ಎಷ್ಟೋ ವರ್ಷಗಳಿಂದ ತಿಂಗಳು ತಪ್ಪದೆ ಬರುತ್ತಿದ್ದರು. ಹೊಸ ಬಿಲ್ಲು ನೋಡಿ ಅವರು ಗೋಪೀನಾಥನಿಗೆ ಹೇಳಿದರು:

"ಕಂಪನಿಯವ್ರು ರೂಮಿಗೆ ಅಂತ ಕೊಡೋದು ಒಂಬೈನೂರೇ ರೀ. ಮೇಲಿಂದು ನನ್ನ ಕಿಸೆಯಿಂದ ಹೋಗ್ಬೇಕು. ತಿಂಗಳಿಗೆ ಆರು ದಿನ ಅಂದ್ರೆ ಎಷ್ಟಾತು ನೋಡ್ರಿ."

ಮುಂದಿನ ತಿಂಗಳು ಅವರು ಬರಲಿಲ್ಲ. ಬಿಲ್ಲೇ ಕೊಡದ, ಹೀಗಾಗಿ ತೆರಿಗೆಯನ್ನೂ ಹಾಕದ ಸಣ್ಣ ಜಾಗಗಳು ಆ ಸುತ್ತಮುತ್ತ ಎರಡು ಮೂರಿದ್ದವು. ಜನ ಅಲ್ಲಿಗೆ ಹೋದರು.

ದೇವೇಂದ್ರಪ್ಪನವರು ಬಿಲ್ ಇಲ್ಲದೆ ರೂಮು ಕೊಡಲು ಒಪ್ಪುವವರಲ್ಲ. ಕಾನೂನಿಗೆ ಹೆದರುವ ಮನುಷ್ಯ. ಒಂದು ತಿಂಗಳು ನೋಡಿ, ಆಗಸ್ಟಿನಲ್ಲಿ ನನ್ನನ್ನೂ ಗೋಪೀನಾಥನನ್ನೂ ಕೂರಿಸಿಕೊಂಡರು. "ಬೋರ್ಡಲ್ಲಿ ಒಂಬೈನೂರೇ ಇರ್ಲಿ. ತೆರಿಗೆ ಅದರ ಒಳಗಿಂದಾನೇ ಕಟ್ಟೋಣ. ಆದ್ರೆ ಆ ದುಡ್ಡು ಎಲ್ಲಾದ್ರೂ ಉಳೀಬೇಕಲ್ಲ, ಎಲ್ಲಿ ಉಳಿಸೋದು ಹೇಳಿ" ಎಂದರು.

ಕರೆಂಟು ಕಡಿಮೆ ಮಾಡಲಾಗದು. ಕಟ್ಟಡದ ಕಂತು ನಿಲ್ಲಿಸಲಾಗದು. ಕೆಲಸದವರ ಸಂಬಳ ಮೊದಲೇ ಕಡಿಮೆ. ಆಗ ನಾನು ಬಾಯಿ ಹಾಕಿದೆ.

"ಬಟ್ಟೆ ಒಗೆಯೋರು ಬಿಲ್ ಕೊಡಲ್ಲ ಅಲ್ವಾ ಸಾರ್? ಬಿಲ್ ಕೊಡೋ ದೊಡ್ಡ ಲಾಂಡ್ರಿಗಳಿವೆ. ಅವರಿಗೆ ಕೊಟ್ರೆ, ಅವರ ಬಿಲ್ಲಲ್ಲಿರೋ ತೆರಿಗೇನ ನಾವು ಕಟ್ಟೋದ್ರಲ್ಲಿ ಮುರ್ಕೋಬಹುದು."

ಲೆಕ್ಕ ಸರಿಯಾಗಿಯೇ ಇತ್ತು. ನನ್ನ ಕೆಲಸವೂ ಅದೇ. ಬೂಟಿನ ಪಾಲಿಶ್ ಹಿಡಿದು ಜಗಳವಾಡಿದ್ದ ಆ ಹೆಂಗಸಿನ ಮುಖ ಆ ಹೊತ್ತಿನಲ್ಲಿ ನನ್ನ ಕಣ್ಣ ಮುಂದೆ ಬರಲೇ ಇಲ್ಲ.

ಎರಡು ದಿನ ಬಿಟ್ಟು ಅಂಜನಮ್ಮ ಲಾಡ್ಜಿಗೆ ಬಂದರು. ನಾನೂ ಅಲ್ಲಿದ್ದೆ. ದೇವೇಂದ್ರಪ್ಪನವರ ಎದುರು ಕುರ್ಚಿ ಇದ್ದರೂ ಅವರು ಕೂರಲಿಲ್ಲ.

"ಬಿಲ್ ಬೇಕಂತೆ. ನಾನೆಲ್ಲಿಂದ ತರ್ಲಿ ಸಾರ್ ಬಿಲ್ಲು? ಕಲ್ಲು ಕೊಡುತ್ತಾ, ಹಂಡೆ ಕೊಡುತ್ತಾ?"

"ನಿಮ್ಮ ಮೇಲೆ ನನಗೇನೂ ಕೋಪ ಇಲ್ಲಮ್ಮ. ನನ್ ಪರಿಸ್ಥಿತಿ ಹಾಗಿದೆ."

"ನಮ್ಮೋರು ಇದ್ದಾಗಿಂದ ಈ ಲಾಡ್ಜಿನ ಬಟ್ಟೆ ನಾವೇ ಒಗ್ದಿರೋದು. ಒಂದು ದಿಂಬಿನ ಕವರ್ ಕಳೆದಿದ್ರೆ ಹೇಳಿ."

ದೇವೇಂದ್ರಪ್ಪನವರು, ದೊಡ್ಡ ಲಾಂಡ್ರಿಯವರ ರೇಟಿನಿಂದ ತೆರಿಗೆ ಕಳೆದರೆ ಉಳಿಯುವಷ್ಟಕ್ಕೆ ಒಪ್ಪಿದರೆ ಕೆಲಸ ನಿಮಗೇ ಇರಲಿ ಎಂದರು. ಅಂದರೆ ಒಂದು ಬೆಡ್‌ಶೀಟಿಗೆ ಹನ್ನೆರಡು ಇದ್ದದ್ದು ಒಂಬತ್ತಾಗುತ್ತಿತ್ತು. ಅಂಜನಮ್ಮ ನೆಲ ನೋಡುತ್ತ ನಿಂತರು. ನಾನು ಏನಾದರೂ ಹೇಳಬೇಕಿತ್ತು. ದೇವೇಂದ್ರಪ್ಪನವರನ್ನು ಹತ್ತೂವರೆ ರೂಪಾಯಿಗೆ ಒಪ್ಪಿಸಲು ನನ್ನ ಒಂದು ಮಾತು ಸಾಕಿತ್ತು. ಪುಸ್ತಕದ ಹಾಳೆ ತಿರುವುತ್ತ ಕೂತೆ. ಅವರು "ಆಯ್ತು ಸಾರ್" ಎಂದು ಹೊರಟುಹೋದರು.

ರೇಟು ಇಳಿದದ್ದಷ್ಟೇ ಅಲ್ಲ, ಬಟ್ಟೆಯೂ ಕಡಿಮೆಯಾಯಿತು. ಮೊದಲು ದಿನಾ ಬದಲಾಯಿಸುತ್ತಿದ್ದ ಬೆಡ್‌ಶೀಟನ್ನು ಗಿರಾಕಿ ರೂಮು ಬಿಟ್ಟ ಮೇಲಷ್ಟೇ ಬದಲಾಯಿಸಬೇಕೆಂದು ಗೋಪೀನಾಥ ಹುಡುಗರಿಗೆ ಹೇಳಿದ. ಕೇಳಿದವರಿಗೆ ಮಾತ್ರ ಎರಡನೇ ಟವೆಲ್. ಹಾಸುವುದು, ಹೊದೆಯುವುದು ಸೇರಿ ದಿನಕ್ಕೆ ತೊಂಬತ್ತು ಬೆಡ್‌ಶೀಟಿನ ಜಾಗದಲ್ಲಿ ಐವತ್ತು ಬರತೊಡಗಿದವು. ಆದರೂ ಅಂಜನಮ್ಮ ಶಶಿಕಲಾಳ ಸಂಬಳ ಮುಟ್ಟಲಿಲ್ಲ. ನೀಲಿ, ಸೋಪು ಕಡಿಮೆ ಬೆಲೆಯದ್ದು ತಂದರು. ಬಟ್ಟೆ ಸಾಗಿಸುವ ಲಗೇಜ್ ಆಟೋ ಬಿಟ್ಟು ಗಂಟನ್ನು ಬಸ್ಸಿನಲ್ಲೇ ತರತೊಡಗಿದರು. ಕಂಡಕ್ಟರುಗಳ ಹತ್ತಿರ ದಿನಾ ಬೈಸಿಕೊಂಡರು. ಹೀಗೆ ಒಂದೂವರೆ ವರ್ಷ ತಳ್ಳಿದರು.

2024ರ ಮಾರ್ಚಿನಲ್ಲಿ ಬೆಂಗಳೂರು ನೀರಿಗೆ ಬಾಯಿ ಬಿಟ್ಟಿದ್ದು ಎಲ್ಲರಿಗೂ ನೆನಪಿದೆ. ಮುನಿಯಪ್ಪನವರ ಬೋರಿನಲ್ಲಿ ಬೆಳಿಗ್ಗೆ ಅರ್ಧ ಗಂಟೆ ಕೆಸರು ನೀರು ಬಂದು ನಿಂತುಹೋಗುತ್ತಿತ್ತು. ಟ್ಯಾಂಕರಿನವರು ಹೇಳಿದ್ದೇ ರೇಟು. ಒಂಬತ್ತು ರೂಪಾಯಿಯ ಬೆಡ್‌ಶೀಟಿಗೆ ಟ್ಯಾಂಕರ್ ನೀರು ಹಾಕಿದರೆ ಕೈಯಿಂದಲೇ ದುಡ್ಡು ಹೋಗುತ್ತಿತ್ತು. ರೇಟು ಸ್ವಲ್ಪ ಏರಿಸಿ ಎಂದು ಅಂಜನಮ್ಮ ಗೋಪೀನಾಥನನ್ನು ಕೇಳಿದರು. ಗೋಪೀನಾಥ ಕೆಟ್ಟವನಲ್ಲ. ಅವನ ಸಂಬಳವೂ ಎರಡು ವರ್ಷದಿಂದ ಅಲ್ಲೇ ನಿಂತಿತ್ತು. ಅವನು ದನಿ ತಗ್ಗಿಸಿ ಹೇಳಿದ:

"ಒಂದು ರಾತ್ರಿ ಮಲಗೆದ್ದು ಹೋದವರ ಬೆಡ್‌ಶೀಟಿಗೆ ಏನ್ ಕೊಳೆ ಆಗಿರುತ್ತೆ ಅಂಜನಮ್ಮ? ಕಲೆ ಇದ್ದದ್ದು ಒಗೀರಿ. ಇಲ್ಲದ್ದಕ್ಕೆ ನೀರು ಚಿಮುಕಿಸಿ ಇಸ್ತ್ರಿ ಹೊಡ್ದು ತನ್ನಿ. ದುಡ್ಡು ಎಲ್ಲದಕ್ಕೂ ಅದೇ ಕೊಡ್ತೀನಿ. ನೀರು ಬರೋ ತನಕ."

"ಏನ್ ಮಾತಾಡ್ತೀರಾ ಸಾರ್!" ಎಂದು ಅಂಜನಮ್ಮ ಸಿಟ್ಟಾಗಿ ಎದ್ದು ಬಂದರು. ನಾಲ್ಕು ದಿನ ಟ್ಯಾಂಕರ್ ಹಾಕಿಸಿದರು. ಐದನೇ ದಿನ ಟ್ಯಾಂಕರು ಬರಲಿಲ್ಲ. ಸಂಜೆಯೊಳಗೆ ಲಾಡ್ಜಿಗೆ ಬಟ್ಟೆ ಸೇರಿಸಬೇಕಿತ್ತು, ಆ ದಿನ ಮದುವೆ ಪಾರ್ಟಿಯೊಂದು ಬರುವುದಿತ್ತು. ಅಂಜನಮ್ಮ ಗಂಟು ಬಿಚ್ಚಿ, ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ, ಎರಡು ಗುಡ್ಡೆ ಮಾಡಿದರು. ಚಿಕ್ಕ ಗುಡ್ಡೆ ತೊಟ್ಟಿಯ ಕಡೆ ಹೋಯಿತು. ದೊಡ್ಡದು ಇಸ್ತ್ರಿ ಮೇಜಿನ ಕಡೆ.

ಶಶಿಕಲಾ ಆಗ ಕೆಂಡದ ಇಸ್ತ್ರಿ ಪೆಟ್ಟಿಗೆ ಊದುತ್ತಿದ್ದಳು. ಮೇಲಿನ ಬೆಡ್‌ಶೀಟನ್ನು ತೆಗೆದು ಹಾಸಿ ಕೈಯಾಡಿಸಿದವಳು ತಲೆಯೆತ್ತಿದಳು.

"ಅಕ್ಕ, ಇದು ಒಗ್ದಿಲ್ಲ."

"ಗೊತ್ತು. ನೀರು ಚಿಮುಕಿಸಿ ಹೊಡಿ."

"ಯಾರೋ ಮಲಗಿದ್ದದ್ದು ಅಕ್ಕ."

"ಒಂದು ರಾತ್ರಿ ತಾನೆ ಕಣೇ ಮಲಗಿರೋದು. ನೀರಿಲ್ಲ, ನೋಡ್ತಿದ್ದೀಯಲ್ಲ."

ಶಶಿಕಲಾ ಪೆಟ್ಟಿಗೆ ಎತ್ತಿ ಒಂದು ಸಲ ಎಳೆದಳು. ಬಿಸಿ ತಾಗಿದ ಕೂಡಲೇ ಬೆವರಿನ, ತಲೆಯೆಣ್ಣೆಯ ವಾಸನೆ ಮೇಲೆದ್ದಿತು. ಪೆಟ್ಟಿಗೆಯನ್ನು ಪಕ್ಕಕ್ಕೆ ಇಟ್ಟುಬಿಟ್ಟಳು.

"ನನ್ ಕೈಲಾಗಲ್ಲ ಅಕ್ಕ. ಯಾರ ಮನೆ ಮಕ್ಕಳು ಮಲಗ್ತಾವೋ ಇದರ ಮೇಲೆ."

ಅಂಜನಮ್ಮನವರಿಗೆ ಆ ದಿನ ಬೆಳಗಿನಿಂದ ಒಂದು ತೊಟ್ಟು ಕಾಫಿಯೂ ಹೊಟ್ಟೆಗೆ ಬಿದ್ದಿರಲಿಲ್ಲ. ಆದರೆ ಅದೊಂದು ನೆಪ ಎಂದು ಅವರೇ ನನ್ನ ಹತ್ತಿರ ಹೇಳಿದರು. ಆ ಕ್ಷಣದಲ್ಲಿ ಅವರಿಗೆ ಚುಚ್ಚಿದ್ದು, ತಾನು ಹೇಳಬೇಕಾದ ಮಾತನ್ನು ಕೆಲಸಕ್ಕೆ ಬಂದ ಹುಡುಗಿ ಹೇಳುತ್ತಿದ್ದಾಳಲ್ಲ ಎನ್ನುವುದು.

"ಕೈಲಾಗ್ದಿದ್ರೆ ಬಿಟ್ಟೋಗು. ನಿನ್ ಸಂಬಳ ಎಲ್ಲಿಂದ ಬರ್ತಿದೆ ಅಂದ್ಕೊಂಡಿದ್ದೀಯ? ನನ್ನ ಹೊಟ್ಟೆ ಕಟ್ಟಿ ಕೊಡ್ತಿರೋದು. ದೊಡ್ಡದಾಗಿ ನ್ಯಾಯ ಹೇಳಕ್ಕೆ ಬಂದ್ಬಿಟ್ಲು."

ಶಶಿಕಲಾ ಬಕೆಟ್ಟಿನ ತಳದಲ್ಲಿದ್ದ ನೀರಲ್ಲಿ ಕೈ ತೊಳೆದುಕೊಂಡಳು, ಊಟದ ಡಬ್ಬಿ ತೆಗೆದುಕೊಂಡಳು, ಸೆರಗು ಸರಿಮಾಡಿಕೊಂಡು ಗೇಟು ದಾಟಿದಳು. ನಾಳೆ ಬರುತ್ತಾಳೆ ಎಂದುಕೊಂಡರು ಅಂಜನಮ್ಮ. ಮಾರನೇ ದಿನ ಬರಲಿಲ್ಲ. ಅದರ ಮಾರನೇ ದಿನವೂ ಬರಲಿಲ್ಲ. ಫೋನ್ ಮಾಡೋಣ ಎಂದು ಮೂರು ಸಲ ಕೈಗೆ ತೆಗೆದುಕೊಂಡು ಇಟ್ಟರು. ಅವಳೇ ಮಾಡಲಿ ಎನಿಸಿತು. ಆಮೇಲೆ, ಅವಳಿಲ್ಲದಿದ್ದರೆ ಒಂದು ಸಂಬಳ ಉಳಿಯುತ್ತದೆ ಎಂದೂ ಎನಿಸಿತು. ಹಾಗೆ ಎನಿಸಿದ್ದನ್ನು ಅವರು ಮುಚ್ಚಿಡಲಿಲ್ಲ. ಇದನ್ನು ನನಗೆ ಹೇಳುವಾಗ ಬೇರೆ ಕಡೆ ನೋಡುತ್ತಿದ್ದರು.

ಜೂನಿನಲ್ಲಿ ಮಳೆ ಬಂತು. ಬೋರಿನಲ್ಲಿ ನೀರು ಏರಿತು. ನೀರು ಬರುವ ತನಕ ಎಂದಿದ್ದ ಗೋಪೀನಾಥ ಮತ್ತೆ ಆ ಮಾತೆತ್ತಲಿಲ್ಲ, ಅಂಜನಮ್ಮನವರೂ ಎತ್ತಲಿಲ್ಲ. ಅಷ್ಟು ಬಟ್ಟೆ ಒಬ್ಬರೇ ಒಗೆಯಲು ಮೈಯಲ್ಲಿ ಶಕ್ತಿಯೂ ಇರಲಿಲ್ಲ. ಗುಡ್ಡೆ ಮಾಡುವುದು ರೂಢಿಯಾಗಿಹೋಗಿತ್ತು. ಮೊದಲು ಎರಡು ಸಲ ಬೆಳಕಿಗೆ ಹಿಡಿದು ನೋಡುತ್ತಿದ್ದವರು, ಬರಬರುತ್ತ ಒಂದು ಸಲ ಕೊಡವಿ ಮಡಿಚತೊಡಗಿದರು.

ನವೆಂಬರಿನಲ್ಲಿ, ಕಾರ್ತಿಕ ಮಾಸದ ಮದುವೆಗಳ ಸಮಯ. ತಿಪಟೂರಿನ ಕಡೆಯ ಒಂದು ಮದುವೆಮನೆಯವರು ಒಂಬತ್ತು ರೂಮು ಹಿಡಿದಿದ್ದರು. ಬೆಳಿಗ್ಗೆ ಏಳಕ್ಕೆ ನಾನು ರಿಟರ್ನ್ ಸಲ್ಲಿಸುವ ಕಾಗದಗಳನ್ನು ತೆಗೆದುಕೊಳ್ಳಲು ಕೌಂಟರಿನ ಪಕ್ಕ ಕೂತಿದ್ದೆ. ಅಂಜನಮ್ಮ ಗಂಟು ಕಟ್ಟಿಕೊಳ್ಳುತ್ತಿದ್ದರು. ಮೇಲಿನಿಂದ ಒಬ್ಬರು ವಯಸ್ಸಾದ ಹೆಂಗಸು ಮೆಟ್ಟಿಲಿಳಿದು ಬಂದರು. ನಿವೃತ್ತ ಮೇಷ್ಟರಮ್ಮ, ರಿಜಿಸ್ಟರಿನಲ್ಲಿ ಗಿರಿಜಾದೇವಿ ಎಂದು ಹೆಸರಿತ್ತು. ಒಂದು ದಿಂಬಿನ ಕವರನ್ನು ಎರಡು ಬೆರಳಲ್ಲಿ ಹಿಡಿದಿದ್ದರು. ಜೋರು ಮಾಡಲಿಲ್ಲ. ಕೌಂಟರಿನ ಮೇಲೆ ಇಟ್ಟು, ಒಳಬದಿ ತಿರುಗಿಸಿದರು. ಯಾರದೋ ಉದ್ದನೆಯ ಕೂದಲು, ಬಾಡಿದ ಮಲ್ಲಿಗೆಯ ಎರಡು ಮೊಗ್ಗು, ಎಣ್ಣೆಯ ಜಿಡ್ಡು.

"ನಮ್ಮ ಮನೆ ಮದುಮಗಳು ಇದರ ಮೇಲೆ ತಲೆ ಇಟ್ಟು ಮಲಗಿದ್ಲು. ಇದು ಒಗ್ದದ್ದಾ?"

ಗೋಪೀನಾಥ ಗಕ್ಕನೆ ಎದ್ದು ನಿಂತ. ಅವನ ಕಣ್ಣು ಒಂದು ಸಲ ಅಂಜನಮ್ಮನವರ ಕಡೆ ಹೋಗಿ ಬಂತು.

"ಕ್ಷಮಿಸಿ ಅಮ್ಮ. ಒಗೆಯೋರು ಸರಿ ಇಲ್ಲ. ಎಷ್ಟು ಹೇಳಿದ್ರೂ ಅಷ್ಟೇ. ಬದಲಾಯಿಸ್ತಾ ಇದೀವಿ."

ಗಿರಿಜಾದೇವಿ ತಿರುಗಿ ನೋಡಿದರು. ಗಂಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ ಅಂಜನಮ್ಮ ತಲೆ ಎತ್ತಲಿಲ್ಲ. ನೀವೇ ಹೇಳಿದ್ದಲ್ಲವೇ ಎಂದು ಗೋಪೀನಾಥನಿಗೆ ಎನ್ನಬಹುದಿತ್ತು. ಎನ್ನಲಿಲ್ಲ. ಆ ಮೇಷ್ಟರಮ್ಮ ಬೈದಿದ್ದರೆ ಚೆನ್ನಾಗಿತ್ತು ಎಂದು ಅಂಜನಮ್ಮ ಈಗಲೂ ಹೇಳುತ್ತಾರೆ. ಗಿರಿಜಾದೇವಿ ಸುಮ್ಮನೆ, "ಪಾಪ, ನಿಮಗೂ ಏನು ಕಷ್ಟವೋ" ಎಂದು ಮೇಲೆ ಹೋದರು.

ಮದುವೆಮನೆಯ ಹುಡುಗರು ಆ ಕವರಿನ ಫೋಟೋ ತೆಗೆದು ಲಾಡ್ಜಿನ ಹೆಸರಿನ ಕೆಳಗೆ ಇಂಟರ್ನೆಟ್ಟಿಗೆ ಹಾಕಿದರು. ಇನ್ನೂ ಮೂರು ನಾಲ್ಕು ಜನ ತಮಗೂ ಹೀಗೇ ಆಗಿತ್ತು ಎಂದು ಬರೆದರು. ಹತ್ತಿರದ ಕಲ್ಯಾಣ ಮಂಟಪದವರು ಗಿರಾಕಿಗಳನ್ನು ಕಳಿಸುವುದು ನಿಲ್ಲಿಸಿದರು. ಡಿಸೆಂಬರಿನಲ್ಲಿ ಇಪ್ಪತ್ತನಾಲ್ಕು ರೂಮುಗಳಲ್ಲಿ ಏಳೆಂಟು ತುಂಬಿದರೆ ಹೆಚ್ಚು. ತೆರಿಗೆಯನ್ನು ಒಳಗಿಂದ ಕಟ್ಟಿ ಗಿರಾಕಿಯನ್ನು ಉಳಿಸಿಕೊಳ್ಳಲು ಹೊರಟಿದ್ದೆವು. ಉಳಿಸಿದ ಆ ಮೂರು ರೂಪಾಯಿ, ಬದಲಾಯಿಸದ ಆ ಟವೆಲ್ಲು ಎಲ್ಲ ಸೇರಿ ಗಿರಾಕಿಯನ್ನೇ ಓಡಿಸಿತು.

ದೇವೇಂದ್ರಪ್ಪನವರು ಲಾಡ್ಜನ್ನು ಪಿಜಿ ಮಾಡಿದರು. ಅದರಲ್ಲೂ ನನ್ನ ಲೆಕ್ಕ ಇತ್ತು. ಮೂರು ತಿಂಗಳಾದರೂ ಸತತವಾಗಿ ಇರುವವರಿಗೆ ತಿಂಗಳ ಬಾಡಿಗೆಗೆ ಕೊಟ್ಟರೆ ಆ ತೆರಿಗೆ ಇಲ್ಲ ಎಂದು ಅಷ್ಟರಲ್ಲಿ ನಿಯಮ ಬದಲಾಗಿತ್ತು. 2025ರ ಫೆಬ್ರವರಿಯಲ್ಲಿ ಕೌಂಟರು ಕಿತ್ತು ಅಲ್ಲಿ ಶೂ ಸ್ಟ್ಯಾಂಡ್ ಇಟ್ಟರು. ಪಿಜಿಯ ಹುಡುಗರು ತಮ್ಮ ಬೆಡ್‌ಶೀಟನ್ನು ತಾವೇ ತಂದುಕೊಳ್ಳುತ್ತಾರೆ. ಗೋಪೀನಾಥ ರಾಜಾಜಿನಗರದ ಇನ್ನೊಂದು ಲಾಡ್ಜಿಗೆ ಸೇರಿದ. ರೂಮು ಗುಡಿಸುತ್ತಿದ್ದ ಇಬ್ಬರಲ್ಲಿ ಒಬ್ಬ ಊರಿಗೆ ಹೋದ, ಇನ್ನೊಬ್ಬ ಎಲ್ಲಿ ಹೋದನೋ ಗೊತ್ತಿಲ್ಲ. ಆ ಹೊತ್ತಿಗೆ ಮುನಿಯಪ್ಪನವರು ಸೈಟಿನಲ್ಲಿ ಮನೆ ಕಟ್ಟಲು ಪಾಯ ತೆಗೆಸಿದರು. ತೊಟ್ಟಿಗಳನ್ನು ಒಡೆದರು. ಹಂಡೆಯನ್ನು ಅಂಜನಮ್ಮ ಗುಜರಿಗೆ ಹಾಕಿದರು.

ಬಸವೇಶ್ವರನಗರದಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ, ಹೊಂಗೆಮರದ ಕೆಳಗೆ ಅವರು ಇಸ್ತ್ರಿ ಗಾಡಿ ಹಾಕಿಕೊಂಡಿದ್ದಾರೆ ಎಂದು ಗೋಪೀನಾಥನೇ ನನಗೆ ಹೇಳಿದ್ದು. ಮಾರನೇ ದಿನ ನಾಲ್ಕು ಅಂಗಿ ತೆಗೆದುಕೊಂಡು ಹೋದೆ. ಗುರುತು ಹಿಡಿದರು. "ಲೆಕ್ಕದ ಸಾರ್ ಅಲ್ವಾ?" ಎಂದರು. ಆಮೇಲೆ ವಾರಕ್ಕೊಮ್ಮೆ ಹೋಗಿ ಸ್ವಲ್ಪ ಹೊತ್ತು ನಿಂತು ಮಾತಾಡುವುದು ರೂಢಿಯಾಯಿತು. ಮೇಲೆ ಬರೆದದ್ದರಲ್ಲಿ ಬಹುಪಾಲು ಹೀಗೆ ಅಂಗಿಗಳ ನಡುವೆ ಕೇಳಿದ್ದು.

ಸೆಪ್ಟೆಂಬರಿನಲ್ಲಿ ರೂಮುಗಳ ತೆರಿಗೆ ಹನ್ನೆರಡರಿಂದ ಐದಕ್ಕೆ ಇಳಿಯಿತು. ಜೊತೆಗೆ ಇನ್ನೊಂದು ಬದಲಾವಣೆಯೂ ಬಂತು. ಬೇರೆಯವರ ಬಿಲ್ಲಿನ ತೆರಿಗೆಯನ್ನು ಲಾಡ್ಜಿನವರು ತಾವು ಕಟ್ಟುವುದರಲ್ಲಿ ಮುರಿದುಕೊಳ್ಳುವ ಹಾಗಿಲ್ಲ. ದೊಡ್ಡ ಲಾಂಡ್ರಿಯ ಬಿಲ್ಲು ಈಗ ಲಾಡ್ಜಿನವರಿಗೆ ಬರೀ ಖರ್ಚು. ಹೀಗಾಗಿ ದೀಪಾವಳಿ ಕಳೆದ ಮೇಲೆ ಗೋಪೀನಾಥ ಬೈಕಿನಲ್ಲಿ ಅಂಜನಮ್ಮನವರ ಗಾಡಿಯ ಹತ್ತಿರ ಬಂದ.

ಆ ವಾರ ನಾನು ಹೋದಾಗ ಅಂಜನಮ್ಮ ಕೇಳಿದರು: "ಸಾರ್, ಗೋಪೀನಾಥಪ್ಪ ಬಂದಿದ್ರು. ಅವ್ರು ಈಗಿರೋದು ಮೂವತ್ತು ರೂಮಿನ ಲಾಡ್ಜಂತೆ, ಒಗೆಯೋಕೆ ಜಾಗ, ನೀರು ಅಲ್ಲೇ ಇದೆಯಂತೆ. ಈಗ ಬಿಲ್ ಬೇಡ, ಬೆಡ್‌ಶೀಟಿಗೆ ಮೊದಲಿನ ಹನ್ನೆರಡೇ ಕೊಡ್ತೀವಿ, ಎಲ್ಲಾ ಒಗ್ದೇ ಕೊಡಿ ಅಂದ್ರು. ನಿಜಾನಾ ಸಾರ್? ಬಿಲ್ ಬೇಡ್ವಾ?"

ನಿಜ ಎಂದು ನಿಯಮ ವಿವರಿಸಿದೆ. ಅವರು ಕೇಳಿಸಿಕೊಂಡರು. ನನಗೆ ತಡೆಯಲಾಗಲಿಲ್ಲ.

"ಅಂಜನಮ್ಮ, ಅವತ್ತು ಆ ಬಿಲ್ಲಿನ ಮಾತು ಎತ್ತಿದ್ದು ನಾನೇ."

"ಗೊತ್ತು ಸಾರ್. ಅವತ್ತೇ ಹೇಳಿದ್ರು ಗೋಪೀನಾಥಪ್ಪ."

"ಗೊತ್ತಿದ್ದೂ ನನ್ನ ಹತ್ರ ಇಷ್ಟು ದಿನ..."

"ನೀವು ಬಿಲ್ಲು ಅಂದ್ರಿ. ಒಗೀಬೇಡ ಅಂತ ನೀವೇನು ಹೇಳ್ಲಿಲ್ವಲ್ಲ" ಎಂದು ಇಸ್ತ್ರಿ ಪೆಟ್ಟಿಗೆಯ ಬೂದಿ ಊದಿದರು. ಅದರಿಂದ ನನ್ನ ಮನಸ್ಸು ಹಗುರಾಗಲಿಲ್ಲ.

ಮೂವತ್ತು ರೂಮಿನ ಬಟ್ಟೆ ಒಬ್ಬರಿಂದ ಆಗುವ ಕೆಲಸವಲ್ಲ. ಮುಂದಿನ ಭಾನುವಾರ ಅಂಜನಮ್ಮ ಒಂದು ಡಜನ್ ಬಾಳೆಹಣ್ಣು, ಒಂದು ಮೊಳ ಹೂವು ತೆಗೆದುಕೊಂಡು ಲಗ್ಗೆರೆಗೆ ಹೋದರು. ಒಂದೂವರೆ ವರ್ಷದ ಮೇಲೆ. ಶಶಿಕಲಾ ಹಳೇ ಮನೆಯಲ್ಲೇ ಇದ್ದಳು. ಬಾಗಿಲು ತೆಗೆದವಳು ಒಂದು ಗಳಿಗೆ ನಿಂತು, "ಬನ್ನಿ ಅಕ್ಕ" ಎಂದು ಒಳಗೆ ಕರೆದಳು. ಚಾಪೆ ಹಾಸಿ ಕಾಫಿ ಕೊಟ್ಟಳು. ಅವಳಿಗೀಗ ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸ. ಹೊರದೇಶಕ್ಕೆ ಹೋಗುವ ಅಂಗಿಗಳಲ್ಲಿ ಕಲೆ, ಬಿಟ್ಟ ದಾರ ಹುಡುಕಿ ಬೇರೆ ಇಡುವುದು. ಪಿಎಫ್ ಇದೆ, ಇಎಸ್‌ಐ ಇದೆ, ಕೂತು ಮಾಡುವ ಕೆಲಸ.

"ನಿನ್ ಕಣ್ಣಿಗೆ ಸರಿಯಾದ ಕೆಲಸ" ಎಂದರು ಅಂಜನಮ್ಮ.

ಲಾಡ್ಜಿನ ವಿಷಯ ಹೇಳಿದರು. ಎಲ್ಲವನ್ನೂ ಒಗೆದೇ ಕೊಡುವುದು ಎಂದು ಎರಡು ಸಲ ಹೇಳಿದರು. ಅರ್ಧ ಅರ್ಧ ಪಾಲು, ಸಂಬಳವಲ್ಲ ಎಂದರು. ಶಶಿಕಲಾ ಲೋಟದ ಅಂಚನ್ನು ಬೆರಳಲ್ಲಿ ಸವರುತ್ತ ಕೂತಿದ್ದಳು.

"ಬೇಡ ಅಕ್ಕ. ಈಗ ಇದು ಬಿಡಕ್ಕಾಗಲ್ಲ. ನಾಳೆ ಮತ್ತೆ ಇನ್ನೊಂದು ತೆರಿಗೆ ಬಂದ್ರೆ?"

ಅಂಜನಮ್ಮ ಕಾಫಿ ಲೋಟ ಕೆಳಗಿಟ್ಟರು. ಆಮೇಲೆ ತಾವು ಹೇಳಲು ಬಂದದ್ದನ್ನು ಹೇಳಿದರು.

"ಅವತ್ತು ನಾನು ಹಾಗೆ ಅನ್ಬಾರ್ದಿತ್ತು ಕಣೇ. ತಪ್ಪಾಯ್ತು."

"ನೀವು ಅಂದಿದ್ದಕ್ಕೆ ನಂಗೇನೂ ಬೇಜಾರಿಲ್ಲ. ನೀವು ಬೈಯೋದು ಹೊಸದಾ?" ಶಶಿಕಲಾ ನಗಲು ನೋಡಿದಳು. "ನೀವು ಫೋನ್ ಮಾಡ್ತೀರಾ ಅಂತ ಮೂರು ವಾರ ಬೇರೆ ಕೆಲಸ ಹುಡುಕ್ಲಿಲ್ಲ ಅಕ್ಕ. ಇವ್ರು ದಿನಾ ಕೇಳೋರು, ಕರೆದ್ರಾ ಅಂತ. ನೀರು ಬಂದ ಮೇಲಾದ್ರೂ ಕರೀತಾರೆ ಅಂತಿದ್ದೆ. ಅದೊಂದೇ ನಂಗೆ ಬೇಜಾರು."

ಅಂಜನಮ್ಮ ಅಲ್ಲಿ ಅಳಲಿಲ್ಲವಂತೆ. ತಂದ ಹೂವನ್ನು ಶಶಿಕಲಾ ಮುಡಿದುಕೊಂಡು, ಬಸ್ ಸ್ಟಾಪಿನ ತನಕ ಜೊತೆಗೆ ಬಂದಳಂತೆ. ಬಸ್ಸು ಬರುವ ತನಕ ಇಬ್ಬರೂ ಅಂಜನಮ್ಮನವರ ಮಗಳು ಕುಸುಮಾಳ ಮಗುವಿನ ವಿಷಯ ಮಾತಾಡಿದರಂತೆ. ಬಸ್ಸಿನಲ್ಲಿ ಕೂತ ಮೇಲೆ ಅಂಜನಮ್ಮ ಗೋಪೀನಾಥನಿಗೆ ಫೋನ್ ಮಾಡಿ, "ನನ್ ಕೈಲಾಗಲ್ಲ ಸಾರ್, ಬೇರೆ ಯಾರನ್ನಾದ್ರೂ ನೋಡ್ಕೊಳಿ" ಎಂದು ಹೇಳಿದರು.

"ಇನ್ನೊಬ್ಬರನ್ನ ಕೆಲಸಕ್ಕೆ ಇಟ್ಕೊಂಡು ಮಾಡಬಹುದಿತ್ತಲ್ಲ" ಎಂದೆ ನಾನು, ಇದನ್ನೆಲ್ಲ ಕೇಳಿದ ಮೇಲೆ.

"ಮಾಡಬಹುದಿತ್ತು ಸಾರ್. ಇದು ಒಗ್ದಿಲ್ಲ ಅಂತ ನನ್ನ ತಡೆಯೋರು ಪಕ್ಕದಲ್ಲಿ ಇರ್ಬೇಕಲ್ಲ" ಎಂದರು ಅಂಜನಮ್ಮ. ಅಷ್ಟರಲ್ಲಿ ಪಕ್ಕದ ಅಪಾರ್ಟ್‌ಮೆಂಟಿನಿಂದ ಯಾರೋ ಸೀರೆಯೊಂದನ್ನು ತಂದರು. ಅವರು ಅದನ್ನು ಬಿಡಿಸಿ, ಅಂಚು ಎಲ್ಲಿ ಸುಕ್ಕಾಗಿದೆ ಎಂದು ನೋಡತೊಡಗಿದರು.